ಸರಸ್ವತಿಪುರಂನ ಮಹಡಿ ಮೇಲಿನ ತರಗತಿ: ಅಮೆರಿಕದ ಹಳೇ ಕಾಗದಗಳನ್ನು ಓದಲು ಕಲಿಸುವ ಜಾಗ

ಇತಿಹಾಸ ಪಾಠ ಮಾಡುವವರು, ಎಂ.ಎ. ಓದುತ್ತಿರುವವರು, ಆಸಕ್ತಿಗೆ ಅಂತ ಓದುವವರು ಯಾರೇ ಕೇಳಿದರೂ ಈ ತರಗತಿಗೆ ಸೇರಿ ಅಂತಲೇ ನಾನು ಹೇಳುತ್ತೇನೆ. ಪರೀಕ್ಷೆಗೆ ನೋಟ್ಸ್ ಸಿಗುತ್ತದೆ ಅಂತ ಹೋಗುವವರಿಗೆ ಮಾತ್ರ ಬೇಡ ಅನ್ನುತ್ತೇನೆ. ಅಲ್ಲಿ ನೋಟ್ಸ್ ಕೊಡುವುದೇ ಇಲ್ಲ.

ಮೈಸೂರಿನ ಸರಸ್ವತಿಪುರಂನಲ್ಲಿ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ತಮ್ಮ ಮನೆ ಮಹಡಿಯಲ್ಲಿ ನಡೆಸುವ ವಾರಾಂತ್ಯದ ತರಗತಿ ಇದು. ಹೊರಗೆ ಹೆಸರಿನ ಬೋರ್ಡ್ ಇಲ್ಲ, ಜಾಹೀರಾತು ಇಲ್ಲ. ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಅಂತ ಮೇಡಂ ಹೇಳಿದ್ದಾರೆ, ಹಾಗಾಗಿ ಇಲ್ಲಿ ಬರೆದಿಲ್ಲ. ಮೈಸೂರಿನ ಇತಿಹಾಸದ ಮೇಷ್ಟ್ರುಗಳಲ್ಲಿ ಯಾರನ್ನಾದರೂ ವಿಚಾರಿಸಿದರೆ ಗೊತ್ತಾಗುತ್ತದೆ. ಇಡೀ ಬ್ಯಾಚಿಗೆ ಶುಲ್ಕ 3,000 ರೂಪಾಯಿ. ಜೆರಾಕ್ಸ್, ಮಧ್ಯದ ಕಾಫಿ ಎಲ್ಲ ಅದರಲ್ಲೇ ಸೇರಿದೆ. ವಿಷಯ ಒಂದೇ: ಬ್ರಿಟಿಷರ ವಸಾಹತು ಕಾಲದಿಂದ ಅಂತರ್ಯುದ್ಧ ಮುಗಿದ ಮೇಲಿನ ಪುನರ್‌ನಿರ್ಮಾಣದ ಕಾಲದವರೆಗೆ, ಅಂದರೆ 1877ರವರೆಗೆ, ಅಮೆರಿಕದ ಮೂಲ ದಾಖಲೆಗಳನ್ನು ಕೈಯಲ್ಲಿ ಹಿಡಿದು ಓದುವುದು.

ನಾನು ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿ.ಎ. ಮಕ್ಕಳಿಗೆ ಅಮೆರಿಕದ ಕ್ರಾಂತಿ ಪಾಠ ಮಾಡುವಾಗ ಕಾರಣಗಳು, ಘಟನೆಗಳು, ಪರಿಣಾಮಗಳು ಅಂತ ಮೂರು ಭಾಗ ಮಾಡಿ ಬರೆಸುವುದು ನಮ್ಮ ಕಡೆ ಮೊದಲಿನಿಂದ ಬಂದ ರೂಢಿ. ಸ್ಟಾಂಪ್ ಕಾಯ್ದೆ 1765, ಬಾಸ್ಟನ್ ಹತ್ಯಾಕಾಂಡ 1770, ಬಾಸ್ಟನ್ ಟೀ ಪಾರ್ಟಿ 1773. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ಪಾಸೂ ಆಗುತ್ತಾರೆ. ಆದರೆ ಈ ಸಂಗತಿಗಳೆಲ್ಲ ನಮಗೆ ಯಾವ ಕಾಗದದಿಂದ ಗೊತ್ತಾದವು, ಆ ಕಾಗದ ಬರೆದವರು ಯಾರು ಅಂತ ಯಾರೂ ಕೇಳುವುದಿಲ್ಲ. ಈ ತರಗತಿ ಶುರುವಾಗುವುದೇ ಅಲ್ಲಿಂದ.

ಮೇಡಂ ಪಾಠದ ಕ್ರಮ ತುಂಬ ಸರಳ. ಒಂದು ಹಾಳೆ ಕೈಗೆ ಕೊಡುತ್ತಾರೆ. ಹಿನ್ನೆಲೆ ಹೇಳುವುದಿಲ್ಲ. ಮೊದಲು ಪೂರ್ತಿ ಓದಬೇಕು. ಆಮೇಲೆ ಯಾರು ಬರೆದದ್ದು, ಯಾರಿಗೆ ಬರೆದದ್ದು, ಯಾವಾಗ, ಏನು ಬೇಕಾಗಿತ್ತು ಅಂತ ಒಂದೊಂದಾಗಿ ಕೇಳುತ್ತಾರೆ. ಕೊನೆಗೆ ಬರುವ ಪ್ರಶ್ನೆಯೇ ನನಗೆ ಅತಿ ಮುಖ್ಯ ಅನ್ನಿಸಿದ್ದು: ‘ಬರೆದವನು ಹೇಳಬೇಕು ಅಂತ ಅಂದುಕೊಳ್ಳದೆ ಇದ್ದದ್ದು ಏನು ಹೊರಗೆ ಬಂದಿದೆ, ಹೇಳಿ.’

ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾದದ್ದು ಒಂದು ಪುಟ್ಟ ಜಾಹೀರಾತಿನಿಂದ. 1769ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾ ಗೆಜೆಟ್ ಪತ್ರಿಕೆಯಲ್ಲಿ ಬಂದದ್ದು. ಓಡಿಹೋದ ಗುಲಾಮನನ್ನು ಹಿಡಿದುಕೊಡಿ ಅನ್ನುವ ಜಾಹೀರಾತು. ಅವನ ಹೆಸರು ಸ್ಯಾಂಡಿ. ವಯಸ್ಸು ಸುಮಾರು 35. ಕುಳ್ಳ, ಸ್ವಲ್ಪ ದಪ್ಪ. ಕಸುಬಿನಲ್ಲಿ ಚಮ್ಮಾರ, ಹೆಚ್ಚಾಗಿ ಎಡಗೈಯಲ್ಲಿ ಕೆಲಸ ಮಾಡುತ್ತಾನೆ. ಒರಟು ಮರಗೆಲಸವೂ ಬರುತ್ತದೆ, ಕುದುರೆ ಓಡಿಸುವುದೂ ಗೊತ್ತು. ಕುಡುಕ, ಕುಡಿದಾಗ ಒರಟಾಗಿ ಆಡುತ್ತಾನೆ, ಬೈಗುಳ ಜಾಸ್ತಿ, ಕಪಟಿ. ಹೋಗುವಾಗ ಒಂದು ಬಿಳಿ ಕುದುರೆ, ತನ್ನ ಚಮ್ಮಾರಿಕೆಯ ಸಾಮಾನು ತೆಗೆದುಕೊಂಡು ಹೋಗಿದ್ದಾನೆ. ಅದೇ ಕೌಂಟಿಯಲ್ಲಿ ಸಿಕ್ಕರೆ 40 ಶಿಲ್ಲಿಂಗ್, ಅಂದರೆ 2 ಪೌಂಡ್ ಬಹುಮಾನ, ವರ್ಜೀನಿಯಾದ ಬೇರೆ ಕಡೆ ಸಿಕ್ಕರೆ 4 ಪೌಂಡ್, ಬೇರೆ ವಸಾಹತಿನಲ್ಲಿ ಸಿಕ್ಕರೆ 10 ಪೌಂಡ್. ಕೆಳಗೆ ಸಹಿ: ಥಾಮಸ್ ಜೆಫರ್ಸನ್.

ಸಹಿ ಇರುವ ಭಾಗವನ್ನು ಮೇಡಂ ಮಡಚಿ ಕೊಟ್ಟಿದ್ದರು. ಚರ್ಚೆ ಅರ್ಧ ಆದ ಮೇಲೆ ಬಿಡಿಸಿ ನೋಡಿ ಅಂದರು. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು ಅಂತ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಅದೇ ಜೆಫರ್ಸನ್. ರೂಮಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಆದರೆ ಮೇಡಂ ಅಲ್ಲಿಗೆ ನಿಲ್ಲಿಸಲಿಲ್ಲ. ‘ಜೆಫರ್ಸನ್ ವಿಷಯ ಬಿಡಿ, ಅವರ ಬಗ್ಗೆ ಓದಲು ಬೇಕಾದಷ್ಟು ಇದೆ. ಸ್ಯಾಂಡಿ ಬಗ್ಗೆ ಹೇಳಿ’ ಅಂದರು.

ಆಗ ಒಂದೊಂದೇ ಹೊರಗೆ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸಾಮಾನು ತಗೊಂಡು ಹೋಗಿದ್ದಾನೆ ಅಂದ್ರೆ ಸಿಟ್ಟಲ್ಲಿ ಎದ್ದು ಓಡಿದ್ದಲ್ಲ ಮೇಡಂ, ಎಲ್ಲೋ ಹೋಗಿ ದುಡಿದು ತಿನ್ನಬೇಕು ಅಂತ ಹೋಗಿದ್ದಾನೆ’ ಅಂದ. ಇನ್ನೊಬ್ಬರು ಬಹುಮಾನದ ಲೆಕ್ಕ ಹಿಡಿದರು. ದೂರ ಹೋದಷ್ಟೂ ಹಣ ಜಾಸ್ತಿ. ಅಂದರೆ ಈತ ವರ್ಜೀನಿಯಾ ದಾಟಬಲ್ಲ ಅಂತ ಯಜಮಾನನಿಗೇ ಅನುಮಾನ ಇತ್ತು. ಕಪಟಿ ಅನ್ನುವುದು ಯಜಮಾನನ ಅಭಿಪ್ರಾಯ. ಎಡಗೈ ಅನ್ನುವುದನ್ನು ಹಾಗೆ ತಳ್ಳಿಹಾಕಲು ಆಗುವುದಿಲ್ಲ. ಗುರುತು ಸುಳ್ಳಾದರೆ ಆಳು ಸಿಗುವುದಿಲ್ಲವಲ್ಲ, ಹಾಗಾಗಿ ಗುರುತಿನ ಮಟ್ಟಿಗೆ ಆತ ನಿಜ ಬರೆಯಲೇಬೇಕು. ಒಂದೇ ಜಾಹೀರಾತಿನಲ್ಲಿ ಯಾವ ಸಾಲನ್ನು ಎಷ್ಟು ನಂಬಬೇಕು ಅಂತ ಬೇರೆ ಬೇರೆ ತೂಗಬೇಕು ಅನ್ನುವುದನ್ನು ನಾನು ಕಲಿತದ್ದು ಇಲ್ಲಿ. ಸ್ಯಾಂಡಿ ಕೊನೆಗೂ ಸಿಕ್ಕಿಬಿದ್ದ. 1773ರಲ್ಲಿ ಜೆಫರ್ಸನ್ ಅವನನ್ನು ಮಾರಿದರು. ಅವನು ತಾನೇ ಬರೆದ ಒಂದು ಸಾಲೂ ಈ ಹಾಳೆಯಲ್ಲಿ ಇಲ್ಲ. ಆದರೂ ಅವನ ಕೈ, ಅವನ ಕಸುಬು, ಅವನ ಯೋಜನೆ ಎಲ್ಲ ಅವನನ್ನು ಹಿಡಿಯಲು ಹೊರಟವನ ಕಾಗದದಲ್ಲೇ ಉಳಿದಿವೆ.

ಚಿತ್ರಗಳನ್ನು ಓದಿಸುವುದರಲ್ಲೂ ಮೇಡಂ ಗಟ್ಟಿ. ಬಾಸ್ಟನ್ನಿನ ಕೆತ್ತನೆಗಾರ ಪಾಲ್ ರಿವಿಯರ್ ಕೆತ್ತಿದ ಬಾಸ್ಟನ್ ಹತ್ಯಾಕಾಂಡದ ಚಿತ್ರ ನಮ್ಮ ಎಷ್ಟೋ ಪಠ್ಯಪುಸ್ತಕಗಳಲ್ಲಿ ಇದೆ. ಘಟನೆ ನಡೆದದ್ದು 1770ರ ಮಾರ್ಚ್ 5ರ ರಾತ್ರಿ, ನೆಲದ ಮೇಲೆ ಹಿಮ ಇತ್ತು, ಗಲಾಟೆ ಗೊಂದಲದಲ್ಲಿ ಬ್ರಿಟಿಷ್ ಸೈನಿಕರ ಗುಂಡು ಹಾರಿತು. ಸತ್ತವರು ಐದು ಜನ. ಚಿತ್ರದಲ್ಲಿ ನೋಡಿದರೆ ಸೈನಿಕರು ನೇರ ಸಾಲಾಗಿ ನಿಂತಿದ್ದಾರೆ, ಹಿಂದೆ ಅಧಿಕಾರಿ ಕತ್ತಿ ಎತ್ತಿ ಆಜ್ಞೆ ಕೊಡುತ್ತಿದ್ದಾನೆ, ಮೇಲೆ ನೀಲಿ ಆಕಾಶ, ಹಿಮದ ಸುಳಿವೇ ಇಲ್ಲ. ಸೈನಿಕರ ಹಿಂದಿನ ಕಟ್ಟಡಕ್ಕೆ ಕಟುಕರ ಮನೆ ಅನ್ನುವ ಅರ್ಥದ ಬೋರ್ಡ್ ಹಾಕಿದ್ದಾನೆ. ಘಟನೆ ಆಗಿ ಒಂದು ತಿಂಗಳೂ ಕಳೆಯುವುದರೊಳಗೆ ಈ ಚಿತ್ರ ಮಾರಾಟಕ್ಕೆ ಬಂದಿತ್ತು. ಅದೂ ಸ್ವಂತದ್ದಲ್ಲ. ಹೆನ್ರಿ ಪೆಲ್ಹಾಮ್ ಅನ್ನುವ ಕಲಾವಿದ ನನ್ನ ಚಿತ್ರ ನಕಲು ಮಾಡಿದ್ದೀಯ ಅಂತ ರಿವಿಯರ್‌ಗೆ ಬರೆದ ಸಿಟ್ಟಿನ ಪತ್ರ ಉಳಿದಿದೆ. ಇದರ ಜೊತೆಗೆ ಮೇಡಂ ಆ ಸೈನಿಕರ ಅಧಿಕಾರಿ ಕ್ಯಾಪ್ಟನ್ ಪ್ರೆಸ್ಟನ್ ಕೊಟ್ಟ ಹೇಳಿಕೆಯನ್ನೂ ಇಟ್ಟಿದ್ದರು. ನಾನು ಗುಂಡು ಹಾರಿಸಿ ಅನ್ನಲೇ ಇಲ್ಲ ಅನ್ನುತ್ತಾನೆ ಅವನು. ಸೈನಿಕರ ಪರ ವಕೀಲರಾಗಿ ನಿಂತದ್ದು ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರಾದವರು. ಪ್ರೆಸ್ಟನ್ ಬಿಡುಗಡೆಯಾದ. ಎಂಟು ಸೈನಿಕರಲ್ಲಿ ಆರು ಜನ ಬಿಡುಗಡೆಯಾದರು, ಇಬ್ಬರಿಗೆ ಹೆಬ್ಬೆರಳಿಗೆ ಬರೆ ಹಾಕುವ ಶಿಕ್ಷೆ ಆಯಿತು.

ಇದಾದ ಮೇಲಿನ ಪಾಠ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಅರಮನೆ. ಅದರ ಗೋಡೆ ಮೇಲೆ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಬ್ರಿಟಿಷ್ ಅಧಿಕಾರಿ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮದ್ದಿನ ಗಾಡಿ ಸ್ಫೋಟವಾಗುತ್ತಿದೆ, ಹೈದರ್ ಮತ್ತು ಟಿಪ್ಪು ಆನೆ ಕುದುರೆಗಳ ನಡುವೆ ನಿರಾಳವಾಗಿ ಬರುತ್ತಿದ್ದಾರೆ. ನಾನು ಮಂಡ್ಯ ಜಿಲ್ಲೆಯವಳು, ಇದನ್ನು ಶಾಲೆಯ ದಿನಗಳಿಂದ ನೋಡಿದ್ದೇನೆ. ಆದರೆ ರಿವಿಯರ್ ಚಿತ್ರಕ್ಕೆ ಹಾಕಿದ ಪ್ರಶ್ನೆಗಳನ್ನೇ ಇದಕ್ಕೂ ಹಾಕಿದಾಗ ಗೋಡೆ ಬೇರೆಯೇ ಕಂಡಿತು. ಯಾರು ಬರೆಸಿದ್ದು? ಯಾರು ನೋಡಲಿ ಅಂತ? ಬ್ರಿಟಿಷರ ಕಾಲದಲ್ಲಿ ಇದಕ್ಕೆ ಮತ್ತೆ ಬಣ್ಣ ಹಾಕಿಸಿದರಲ್ಲ, ಹಾಗಿದ್ದರೆ ನಾವು ಈಗ ನೋಡುತ್ತಿರುವುದು ಯಾರ ಚಿತ್ರ? ಸೋತವರು ತಮ್ಮ ಸೋಲಿನ ಚಿತ್ರವನ್ನು ಯಾಕೆ ಉಳಿಸಿಕೊಂಡರು? ಒಂದು ಗಂಟೆಗೂ ಜಾಸ್ತಿ ಅಲ್ಲೇ ನಿಂತು ಮಾತಾಡಿದೆವು.

ಅಲ್ಲೇ ತೋಟದಲ್ಲಿ ಕೂತು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಪತ್ರ ಓದಿದ್ದು. 1781ರ ಅಕ್ಟೋಬರ್ 17ರಂದು ಯಾರ್ಕ್‌ಟೌನ್‌ನಿಂದ ಅಮೆರಿಕದ ಸೇನಾಪತಿ ವಾಷಿಂಗ್ಟನ್‌ಗೆ ಬರೆದದ್ದು, ನಾಲ್ಕೇ ಸಾಲು. 24 ಗಂಟೆ ಯುದ್ಧ ನಿಲ್ಲಿಸೋಣ, ಶರಣಾಗತಿಯ ಷರತ್ತು ಮಾತಾಡಲು ಎರಡೂ ಕಡೆಯಿಂದ ಇಬ್ಬಿಬ್ಬರು ಅಧಿಕಾರಿಗಳು ಸೇರಲಿ. ವಾಷಿಂಗ್ಟನ್ ಕೊಟ್ಟದ್ದು ಎರಡೇ ಗಂಟೆ. ಅಲ್ಲಿ ಸೋತ ಇದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ. ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟವಾಯಿತು: 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಯುದ್ಧನೌಕೆಯೊಂದನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ಹೈದರ್ ಅಲಿ. ನಮ್ಮೂರಿನ ಹೆಸರು ಅಲ್ಲಿಯವರ ಬಾಯಲ್ಲಿ ಇತ್ತು. ಮಕ್ಕಳಿಗೆ ಇದನ್ನು ಹೇಳಿದರೆ ಅಮೆರಿಕದ ಇತಿಹಾಸ ದೂರದ ಊರಿನ ಸುದ್ದಿ ಅನ್ನಿಸುವುದಿಲ್ಲ.

ಸಂದರ್ಶನಗಳನ್ನು ಓದುವ ಪಾಠದ ಬಗ್ಗೆ ಸ್ವಲ್ಪ ಹೇಳಲೇಬೇಕು. 1936ರಿಂದ 1938ರವರೆಗೆ ಅಮೆರಿಕ ಸರ್ಕಾರದ ಒಂದು ಯೋಜನೆಯಲ್ಲಿ, ಹಿಂದೆ ಗುಲಾಮರಾಗಿದ್ದ ವೃದ್ಧರನ್ನು ಹುಡುಕಿ ಅವರ ಮಾತು ಬರೆದುಕೊಂಡರು. ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಇಂಥ 2,300ಕ್ಕೂ ಜಾಸ್ತಿ ಹೇಳಿಕೆಗಳು ಉಚಿತವಾಗಿ ಸಿಗುತ್ತವೆ. ಚಾರ್ಲ್‌ಸ್ಟನ್ ಊರಿನ ಸೂಸನ್ ಹ್ಯಾಮ್ಲಿನ್ ಅನ್ನುವ ಅಜ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದ್ದಾರೆ. ಬಿಳಿಯ ಮಹಿಳೆ ಜೆಸ್ಸಿ ಬಟ್ಲರ್ ಹೋದಾಗ ಅಜ್ಜಿ ತನ್ನ ಯಜಮಾನ ಒಳ್ಳೆಯವನು ಅನ್ನುತ್ತಾಳೆ. ಬಟ್ಲರ್ ಸರ್ಕಾರದ ನೆರವಿನ ಕಚೇರಿಯಿಂದ ಬಂದವಳು ಅಂತ ಆಕೆ ಅಂದುಕೊಂಡಿದ್ದಳು. ಕರಿಯರಾದ ಆಗಸ್ಟಸ್ ಲ್ಯಾಡ್ಸನ್ ಹೋದಾಗ ಅದೇ ಅಜ್ಜಿ ಚಾಟಿ ಏಟು, ತಾಯಿಂದ ಮಕ್ಕಳನ್ನು ಕಿತ್ತು ಮಾರಿದ್ದು ಎಲ್ಲ ಹೇಳುತ್ತಾಳೆ.

ಎರಡನ್ನೂ ಮೊದಲು ಒಬ್ಬಳದೇ ಅಂತ ಹೇಳದೆ ಓದಿಸಿದರು ಮೇಡಂ. ಒಂದು ಸುಳ್ಳು, ಒಂದು ನಿಜ ಅಂತ ತೀರ್ಪು ಕೊಡಲು ನಾವೆಲ್ಲ ಹೊರಟೆವು. ಅವರು ಬಿಡಲಿಲ್ಲ. ಪಿಂಚಣಿ ಅರ್ಜಿ ಹಿಡಿದು ತಾಲ್ಲೂಕು ಆಫೀಸಿನವರು ಬಾಗಿಲಿಗೆ ಬಂದಾಗ ನಮ್ಮ ಹಳ್ಳಿಯ ಅಜ್ಜಿಯರು ಆಡುವ ಮಾತಿಗೂ, ಒಲೆ ಮುಂದೆ ಮಗಳ ಹತ್ತಿರ ಆಡುವ ಮಾತಿಗೂ ವ್ಯತ್ಯಾಸ ಇರುತ್ತದೆ ಅಲ್ವಾ? ಆ ವ್ಯತ್ಯಾಸವೇ ಇಲ್ಲಿ ದಾಖಲೆ. 1930ರ ದಶಕದ ದಕ್ಷಿಣದಲ್ಲಿ ಬಿಳಿಯರ ಮುಂದೆ ಒಬ್ಬ ಕರಿಯ ವೃದ್ಧೆ ಏನು ಹೇಳಬಹುದಿತ್ತು, ಏನು ಹೇಳಲು ಆಗುತ್ತಿರಲಿಲ್ಲ ಅನ್ನುವುದು ಎರಡೂ ಹಾಳೆ ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಒಂದನ್ನೇ ಓದಿದವರು ಮೋಸ ಹೋಗುತ್ತಾರೆ.

ಪುನರ್‌ನಿರ್ಮಾಣದ ಭಾಗಕ್ಕೆ ಮೇಡಂ ಜಾಸ್ತಿ ಸಮಯ ಇಟ್ಟಿದ್ದಾರೆ. ಇದು ಸರಿಯಾದ ನಿರ್ಧಾರ. ನಮ್ಮ ಪಠ್ಯದಲ್ಲಿ ಗುಲಾಮಗಿರಿ ರದ್ದು, ಪೌರತ್ವ, ಮತದಾನದ ಹಕ್ಕು ಅಂತ ಅಮೆರಿಕದ ಸಂವಿಧಾನದ 13, 14, 15ನೇ ತಿದ್ದುಪಡಿಗಳ ಪಟ್ಟಿ ಕೊಟ್ಟು ಮುಗಿಸುತ್ತೇವೆ. ಇಲ್ಲಿ 1865ರ ನವೆಂಬರ್‌ನ ಮಿಸಿಸಿಪ್ಪಿ ಕಾನೂನು ಓದಿಸಿದರು. ಬಿಡುಗಡೆಯಾದ ಕರಿಯರು ಜನವರಿಯಲ್ಲಿ ತಮಗೆ ಕೆಲಸ ಇದೆ ಅಂತ ಬರಹದಲ್ಲಿ ತೋರಿಸಬೇಕು. ಸರಿಯಾದ ಕಾರಣ ಇಲ್ಲದೆ ಕರಾರಿನ ಮಧ್ಯೆ ಕೆಲಸ ಬಿಟ್ಟರೆ ಆ ವರ್ಷ ಅಲ್ಲಿವರೆಗೆ ದುಡಿದ ಕೂಲಿಯೂ ಹೋಯಿತು. ಗುಲಾಮಗಿರಿ ರದ್ದಾದ ವರ್ಷವೇ ಇದು.

ಅದರ ಪಕ್ಕದಲ್ಲಿ ಜೋರ್ಡನ್ ಆಂಡರ್ಸನ್ ಪತ್ರ. ಟೆನೆಸಿಯ ಹಳೇ ಯಜಮಾನ ವಾಪಸ್ ಬಾ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಕರೆದದ್ದಕ್ಕೆ, 1865ರ ಆಗಸ್ಟ್ 7ರಂದು ಒಹಾಯೋದ ಡೇಟನ್‌ನಿಂದ ಕೊಟ್ಟ ಉತ್ತರ. ಬರುತ್ತೇವೆ, ಮೊದಲು ಹಳೇ ಬಾಕಿ ಕೊಡಿ ಅನ್ನುತ್ತಾನೆ. ತನ್ನ 32 ವರ್ಷಕ್ಕೆ ತಿಂಗಳಿಗೆ 25 ಡಾಲರ್, ಹೆಂಡತಿ ಮ್ಯಾಂಡಿಯ 20 ವರ್ಷಕ್ಕೆ ವಾರಕ್ಕೆ 2 ಡಾಲರ್. ನಮ್ಮಲ್ಲೊಬ್ಬರು ಬೋರ್ಡಿನ ಮೇಲೆ ಗುಣಿಸಿ ನೋಡಿದರು. 9,600 ಮತ್ತು 2,080, ಒಟ್ಟು 11,680 ಡಾಲರ್. ಪತ್ರದಲ್ಲಿರುವುದೂ ಅಷ್ಟೇ. ಬಟ್ಟೆ, ತನಗಾಗಿ ಡಾಕ್ಟರ್ ಮೂರು ಸಲ ಬಂದದ್ದು, ಮ್ಯಾಂಡಿಗೆ ಹಲ್ಲು ಕಿತ್ತಿಸಿದ ಖರ್ಚು ಕಳೆದುಕೊಳ್ಳಿ ಅಂತ ಬೇರೆ ಹೇಳಿದ್ದಾನೆ. ಪತ್ರ ಆತ ಹೇಳಿ ಬರೆಸಿದ್ದು, ಪತ್ರಿಕೆಯಲ್ಲಿ ಅಚ್ಚಾದದ್ದು. ಹಾಗಿದ್ದರೆ ಮಾತು ಎಷ್ಟು ಅವನದು, ಎಷ್ಟು ಬರೆದುಕೊಂಡವರದು ಅಂತ ಕೇಳಲೇಬೇಕು. ಆತ ಕಟ್ಟುಕಥೆ ಅಲ್ಲ, 1870ರ ಜನಗಣತಿಯಲ್ಲಿ ಡೇಟನ್‌ನಲ್ಲಿ ಅವನ ಕುಟುಂಬ ಇದೆ. ನನ್ನ ಬಿ.ಎ. ತರಗತಿಯಲ್ಲಿ ಇದನ್ನು ಓದಿಸಿದೆ. ಯಾವತ್ತೂ ಮಾತಾಡದ ಒಬ್ಬಳು ಹುಡುಗಿ, ‘ಮೇಡಂ, ಹಲ್ಲು ಕಿತ್ತಿಸಿದ್ದನ್ನೂ ಬಿಟ್ಟಿಲ್ಲ ನೋಡಿ, ಲೆಕ್ಕದಲ್ಲೇ ಹೊಡೆದಿದ್ದಾನೆ’ ಅಂದಳು. ಆ ಒಂದು ಮಾತಿಗೆ ಕೊಟ್ಟ ಶುಲ್ಕ ವಸೂಲಾಯಿತು.

ಇನ್ನೊಂದು ಪತ್ರ ನನ್ನನ್ನು ಈಗಲೂ ಬಿಟ್ಟಿಲ್ಲ. 1865ರ ಅಕ್ಟೋಬರ್, ದಕ್ಷಿಣ ಕ್ಯಾರೊಲಿನಾದ ಎಡಿಸ್ಟೊ ದ್ವೀಪ. ಬಿಡುಗಡೆಯಾದ ಜನ ಅಲ್ಲಿನ ಜಮೀನಿನಲ್ಲಿ ನೆಲೆಸಿದ್ದರು. ಅದನ್ನು ಹಳೇ ಮಾಲೀಕರಿಗೆ ವಾಪಸ್ ಕೊಡಬೇಕು, ಅವರನ್ನು ಕ್ಷಮಿಸಿ ಅಂತ ಹೇಳಲು ಸರ್ಕಾರದ ಕಡೆಯಿಂದ ಜನರಲ್ ಹೊವಾರ್ಡ್ ಬಂದರು. ಯುದ್ಧದಲ್ಲಿ ಅವರ ಬಲಗೈ ಹೋಗಿತ್ತು. ಜನ ಮೂವರ ಸಮಿತಿ ಮಾಡಿ ಉತ್ತರ ಬರೆದರು: ನೀವು ಕಳೆದುಕೊಂಡದ್ದು ಬಲಗೈ ಮಾತ್ರ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನನ್ನು, ನನ್ನ ತಾಯಿಗೂ ತಂಗಿಗೂ ಚಾಟಿ ಬೀಸಿದವನನ್ನು ನಾನು ಹೇಗೆ ಕ್ಷಮಿಸಲಿ ಅಂತ ಅದರ ಸಾರ. ಅವರು ಕೇಳಿದ್ದು ಭೂಮಿ. ಭೂಮಿ ಇಲ್ಲದೆ ಮತ್ತೆ ಅದೇ ಮಾಲೀಕನ ಕೈಕೆಳಗೆ ಬೀಳುತ್ತೇವೆ ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಓದು ಮುಗಿದ ಮೇಲೆ ಕೆ.ಆರ್. ನಗರದ ಕಡೆಯ ಒಬ್ಬರು, ‘ನಮ್ಮ ತಾತ ಫಾರಂ ನಂಬರ್ 7 ಹಾಕಿದ್ದರು ಮೇಡಂ, ಅದರ ಕಾಗದ ಮನೇಲಿದೆ’ ಅಂದರು. ದೇವರಾಜ ಅರಸು ಕಾಲದಲ್ಲಿ 1974ರ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಭೂನ್ಯಾಯ ಮಂಡಳಿಗೆ ಹಾಕಿಕೊಂಡ ಅರ್ಜಿ ಅದು. ‘ಮುಂದಿನ ವಾರ ತಗೊಂಡು ಬಾಪ್ಪಾ’ ಅಂದರು ಮೇಡಂ. ತಂದರು. ಹೆಬ್ಬೆಟ್ಟಿನ ಗುರುತು, ಸರ್ವೆ ನಂಬರ್, ಎಷ್ಟು ವರ್ಷದಿಂದ ಉಳುತ್ತಿದ್ದೇನೆ ಅನ್ನುವ ಸಾಲು. ಎಡಿಸ್ಟೊ ಪತ್ರಕ್ಕೆ ಕೇಳಿದ್ದನ್ನೆಲ್ಲ ಇದಕ್ಕೂ ಕೇಳಿದೆವು. ಅರ್ಜಿ ತುಂಬಿದ ಕೈ ಯಾರದು? ತಾತ ಹೇಳಿದ ಯಾವ ಮಾತಿಗೆ ಆ ಫಾರಂನಲ್ಲಿ ಜಾಗ ಇರಲಿಲ್ಲ?

ಇನ್ನು ಕೊರತೆಗಳು. ಜೆರಾಕ್ಸ್ ಗುಣಮಟ್ಟ ಚೆನ್ನಾಗಿಲ್ಲ. ರಿವಿಯರ್ ಚಿತ್ರದ ಪ್ರತಿ ಎಷ್ಟು ಕಪ್ಪಾಗಿತ್ತು ಅಂದರೆ ನೀಲಿ ಆಕಾಶದ ವಿಷಯ ಫೋನಿನಲ್ಲಿ ನೋಡಿಯೇ ತಿಳಿದದ್ದು. 3,000 ತೆಗೆದುಕೊಂಡ ಮೇಲೆ ಚಿತ್ರಗಳಿಗಾದರೂ ಕಲರ್ ಪ್ರಿಂಟ್ ಕೊಡಬೇಕು. ಹಾಳೆಗಳೆಲ್ಲ ಟೈಪ್ ಆದವು. ಮೂಲ ಕೈಬರಹದ ಪ್ರತಿ ಒಂದೆರಡಾದರೂ ಕೊಟ್ಟಿದ್ದರೆ ಎಲ್ಲಿ ಹೊಡೆದು ಹಾಕಿದ್ದಾರೆ, ಎಲ್ಲಿ ಸೇರಿಸಿದ್ದಾರೆ ಅಂತ ನಾವೇ ನೋಡಬಹುದಿತ್ತು. ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಜೆಫರ್ಸನ್ ಗುಲಾಮ ವ್ಯಾಪಾರಕ್ಕೆ ಬ್ರಿಟನ್ ದೊರೆಯನ್ನು ದೂರಿ ಬರೆದ ಭಾಗವನ್ನು ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆ, ತೆಗೆದುಹಾಕಿತು. ಸ್ಯಾಂಡಿ ಜಾಹೀರಾತು ಓದಿದ ಮೇಲೆ ಆ ಕರಡನ್ನು ಕೈಗೆ ಕೊಡದೆ ಬಾಯಲ್ಲಿ ಹೇಳಿ ಮುಗಿಸಿದ್ದು ನನಗೆ ಬೇಜಾರಾಯಿತು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 18ನೇ ಶತಮಾನದ ಇಂಗ್ಲಿಷ್ ಕಷ್ಟ. ಚರ್ಚೆ ಪೂರ್ತಿ ಕನ್ನಡದಲ್ಲೇ ನಡೆಯುತ್ತದೆ, ಮೇಡಂ ಸಾಲು ಸಾಲಾಗಿ ಬಿಡಿಸಿ ಹೇಳುತ್ತಾರೆ, ಅದು ನಿಜ. ಆದರೂ ಪ್ರತಿ ಹಾಳೆಯ ಹಿಂದೆ ಕನ್ನಡದಲ್ಲಿ ಅರ್ಧ ಪುಟ ಸಾರಾಂಶ ಇದ್ದರೆ ಮನೆಯಲ್ಲಿ ಮತ್ತೆ ಓದಿಕೊಳ್ಳಲು ಅನುಕೂಲ. ಹೊತ್ತಿಗೆ ಮುಗಿಸುವುದೂ ಇಲ್ಲ. ಮಂಡ್ಯ, ಮದ್ದೂರು ಕಡೆಗೆ ರೈಲು ಹಿಡಿಯುವವರು ಗಡಿಯಾರ ನೋಡುತ್ತಾ ಕೂರಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ, ಅಲ್ಲಿನ ಮೂಲನಿವಾಸಿಗಳ ವಿಷಯವನ್ನು ಕಾಫಿ ಆದ ಮೇಲಿನ ಅರ್ಧ ಗಂಟೆಯಲ್ಲಿ ಮುಗಿಸಿದ್ದು. ಚೆರೋಕೀ ಜನ ಸೆಕ್ವೋಯಾ ರೂಪಿಸಿದ ತಮ್ಮದೇ ಲಿಪಿಯಲ್ಲಿ 1828ರಿಂದ ಪತ್ರಿಕೆ ಅಚ್ಚು ಹಾಕುತ್ತಿದ್ದವರು. ತಮ್ಮ ನೆಲ ಬಿಟ್ಟು ಪಶ್ಚಿಮಕ್ಕೆ ಹೋಗುತ್ತೇವೆ ಅನ್ನುವ 1835ರ ನ್ಯೂ ಎಚೋಟಾ ಒಪ್ಪಂದಕ್ಕೆ ಸಹಿ ಹಾಕಿದ್ದು ಒಂದು ಸಣ್ಣ ಗುಂಪು. ಜನ ಆರಿಸಿದ ಮುಖಂಡ ಜಾನ್ ರಾಸ್ ಸಹಿ ಹಾಕಲಿಲ್ಲ. ಒಪ್ಪಂದದ ವಿರುದ್ಧ 15,000ಕ್ಕೂ ಜಾಸ್ತಿ ಸಹಿಗಳ ಅರ್ಜಿ ಹೋಯಿತು. ಸೆನೆಟ್ ಆದರೂ ಒಪ್ಪಂದವನ್ನು ಅಂಗೀಕರಿಸಿತು. 1838ರಲ್ಲಿ ಅವರನ್ನು ಊರು ಬಿಡಿಸಿ ಪಶ್ಚಿಮಕ್ಕೆ ನಡೆಸಿದರು, ದಾರಿಯಲ್ಲಿ, ಶಿಬಿರಗಳಲ್ಲಿ ಸಾವಿರಾರು ಜನ ಸತ್ತರು. ಒಪ್ಪಂದ ಅನ್ನುವ ಕಾಗದಕ್ಕೆ ಸಹಿ ಹಾಕಿದವರು ಯಾರು, ಹಾಕದವರು ಯಾರು ಅಂತ ಓದಲು ಇದಕ್ಕಿಂತ ಒಳ್ಳೆ ದಾಖಲೆ ಎಲ್ಲಿದೆ? ಮೇಡಂ ಸ್ವತಃ ಕಲಿಸುವ ಕ್ರಮಕ್ಕೆ ಹೇಳಿ ಮಾಡಿಸಿದ ಪಾಠ ಇದು.

ಬ್ಯಾಚ್ ಮುಗಿದ ಮೇಲೆ ಇದನ್ನು ಅವರಿಗೇ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ, ಒಪ್ಪಿಕೊಂಡರು. ಮುಂದಿನ ಬ್ಯಾಚ್ ದಸರಾ ಮುಗಿದ ಮೇಲೆ ಶುರು. ಕುರ್ಚಿಗಳು ಹನ್ನೆರಡೇ, ಹಾಗಾಗಿ ಬೇಗ ಹೇಳಿಟ್ಟುಕೊಳ್ಳಿ. ಮನೆಯಲ್ಲಿ ಹಳೇ ಪತ್ರ, ಕ್ರಯಪತ್ರ, ಅರ್ಜಿ ಏನಾದರೂ ಇದ್ದರೆ ಜೆರಾಕ್ಸ್ ಮಾಡಿಸಿಕೊಂಡು ಹೋಗಿ, ಕೊನೆಯ ವಾರ ಬೇಕಾಗುತ್ತದೆ. ಚೆರೋಕೀ ದಾಖಲೆಗಳಿಗೆ ಈ ಸಲ ಪೂರ್ತಿ ಒಂದು ದಿನ ಇಡುತ್ತೇನೆ ಅಂದಿದ್ದಾರೆ ಮೇಡಂ. ಆ ದಿನದ ಮಟ್ಟಿಗೆ ನಾನೂ ಬರುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದೇನೆ.